ಅಕ್ಕನ ಮೆತ್ತನ ರೊಟ್ಟಿ

ಇಷ್ಟೆಲ್ಲ ರಂಪಾಟಕ್ಕೆ ಕಾರಣ ಒಂದು ಹಿಡಿ ಗೋದಿ ಹಿಟ್ಟು, ಮತ್ತೆ ಅಕ್ಕನ ಪ್ರೀತಿ.

ಗಡಹಿಂಗ್ಲಜದ ಅಕ್ಕ ಹೀರಾಬಾಯಿಯ ಹೊಸ ಮನೆಯ ವಾಸ್ತುಶಾಂತಿಗೆ ಜಯಪಾಲ ಕಬನೂರಿನಿಂದ ಮಗಳು ಮನಾಲಿಯನ್ನು ಕರಕೊಂಡು ಬಂದಿದ್ದ. ಹುಡುಗಿಗೆ ಸಣ್ಣಂದಿನಿಂದ ಸಕ್ಕರೆ ರೋಗ. ಊಟಕ್ಕೆ ಮೊದಲು ಇನ್ಸುಲಿನ್ ಸೂಜಿ ಬೇಕೇ ಬೇಕು. ಸಾಲದ್ದಕ್ಕೆ ಸೀಲಿಯಾಕ್ ಅನ್ನೋ ಇನ್ನೊಂದು ಪೀಡೆ. ಗೋದಿಯ ಚೂರು ಹೊಟ್ಟೆಗೆ ಹೋದರೂ ಕರುಳು ಕೆಡುತ್ತದೆ. ತಾಟಿಗೆ ಜ್ವಾಳದ ರೊಟ್ಟಿ ಬಿದ್ದದ್ದು ನೋಡಿಯೇ ಜಯಪಾಲ ಸೂಜಿ ಚುಚ್ಚಿದ.

"ಎಷ್ಟ ಮೆತ್ತಗ ಆಗ್ಯಾವ ಅಕ್ಕಾ!"

"ಕೂಸಿನ ಸಲುವಾಗಿ ಹಿಡಿ ಗೋದಿ ಹಿಟ್ಟ ಕೂಡಿಸೇನಪಾ. ಹಲ್ಲಿಗೆ ಬಿರುಸ ಆಗಬಾರದಲ್ಲ?"

ಜಯಪಾಲ ಮಗಳ ಕೈಯಿಂದ ತುತ್ತು ಕಸಕೊಂಡ. ಸೂಜಿ ಒಳಗೆ ಹೋಗಿತ್ತು, ಊಟ ಹೋಗಿರಲಿಲ್ಲ. ಹಾಗಾದರೆ ಮೈಯೊಳಗಿನ ಸಕ್ಕರೆ ಪಾತಾಳಕ್ಕಿಳಿದು ಜೀವಕ್ಕೇ ಕುತ್ತು. ಒಲೆ ಮೇಲಿನ ಅನ್ನ ಬೇಯಲಿ ಎಂದು ಕಾದು ಕೂತರೆ ಮನಾಲಿಯ ಹಣೆ ಬೆವರಿತು.

"ಪಪ್ಪಾ, ಕೈ ನಡಗಾಕತ್ತಾವ."

ಅವನು ಕಿಸೆಯಿಂದ ಗ್ಲೂಕೋಸ್ ಪುಡಿ ತೆಗೆದ. ಪಕ್ಕದ ಮನೆಯ ಹೌಸಾಬಾಯಿ, ತಾನೂ ಹಳೇ ಸಕ್ಕರೆ ರೋಗಿ, ಹದ್ದಿನಂಗೆ ಎರಗಿ ಅದನ್ನು ಕಿತ್ತುಕೊಂಡಳು.

"ಅಯ್ಯ ನಿನ್ನ! ಶುಗರ್ ಇದ್ದ ಕೂಸಿಗೆ ಸಕ್ರಿ ತಿನ್ನಸ್ತಿಯೇನೋ? ನನಗ ಡಾಕ್ಟರ್ ಚಪಾತಿ ತಿನ್ನು ಅಂದಾನ. ತಗೋ, ಬಿಸಿ ಚಪಾತಿ!"

"ಮಾವಶಿ, ಚಪಾತೀನ ಅಕಿಗೆ ವಿಷ ರೀ! ಸಕ್ರಿ ಕೊಡ್ರಿ!"

"ಕೇಳ್ರೆವ್ವಾ! ಇವಂಗ ತಲಿ ಕೆಟ್ಟೈತಿ!"

ಅಡಿಗೆಮನೆಗೆ ಓಡಿದರೆ ಅಕ್ಕ ಸಕ್ರಿ ಡಬ್ಬಿಯನ್ನು ಬೆನ್ನ ಹಿಂದೆ ಬಚ್ಚಿಟ್ಟು ನಿಂತಿದ್ದಳು. ಹೊರಗೆ ಮನಾಲಿ ಗ್ವಾಡಿಗೆ ಒರಗಿ ತೂಕಡಿಸುತ್ತಿದ್ದಳು. ಜಯಪಾಲ ಹುಟ್ಟಿದಾಗಿನಿಂದ ಅಕ್ಕನಿಗೆ ಎದುರಾಡಿದವನಲ್ಲ.

"ಕೊಡ್ತಿಯೋ ಇಲ್ಲೋ? ನನ್ನ ಮಗಳು ಸಾಯ್ತಾಳ!"

ಡಬ್ಬಿ ಕಸಕೊಂಡು, ಸಕ್ರಿಯನ್ನು ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಸಿದ. ಮನೆ ತುಂಬಿದ ಮಂದಿ ಸುತ್ತ ನೆರೆದರು. ಕಡೆಗೂ ಹುಡುಗಿ ಕಣ್ಣು ತೆರೆದು "ಹಸಿವಿ ಆಗೇತಿ ಪಪ್ಪಾ" ಅಂದಳು. ಜಯಪಾಲ ಎಲ್ಲರ ಮುಂದೆ ಗೊಳೋ ಅಂತ ಅತ್ತ. ಅನ್ನವೂ ಬೆಂದಿತ್ತು, ಕೂಸು ಉಂಡಿತು.

ಹೊತ್ತು ಇಳಿಯುವ ಮುಂದೆ ಅವನು ಊರಿಗೆ ಹೊರಟು ನಿಂತಿದ್ದ. ಹೌಸಾಬಾಯಿಯ ಮಗ ಶಂಕರಲಿಂಗ ಓಡಿಬಂದು ಕಾಲರ್ ಹಿಡಿದ.

"ನಮ್ಮವ್ವಗ ಏನ್ ಕಲಿಸಿದ್ರಿ? ಶುಗರಿಗೆ ಸಕ್ರೀನ ಔಷಧ ಅಂತ ವಾಸ್ತುಶಾಂತಿ ಲಾಡಿನ ಬುಟ್ಟಿ ಖಾಲಿ ಮಾಡ್ಯಾಳ! ಶುಗರ್ ನೋಡೋ ಮಷೀನ ಕೈ ಎತ್ತೇತಿ!"

ದವಾಖಾನೆಯಲ್ಲಿ ಡಾಕ್ಟರು, ಅಕ್ಕ, ಓಣಿಯ ಮಂದಿ ಎಲ್ಲರೂ ಜಯಪಾಲನ ಮೇಲೆ ಬಿದ್ದರು. ಸಲಾಯಿನ್ ಹಚ್ಚಿಕೊಂಡ ಹೌಸಾಬಾಯಿ ಮಲಗಿದಲ್ಲಿಂದಲೇ ಕೈ ಎತ್ತಿದಳು.

"ಅವಂಗ ಯಾರೂ ಬೈಬ್ಯಾಡ್ರಿ. ಅವನ ಔಷಧ ಖರೇನ ಐತಿ, ಕುಡಿಯೂದ ಬಿಟ್ಟ ತಿಂದ ನಾನ ತಪ್ಪೇನಿ. ಜಯಪಾಲಾ, ಒಂದ ಗ್ಲಾಸ್ ಸಕ್ರಿ ನೀರ ಕಲಸ್ಕೊಂಡ ಬಾರಪಾ."