ಸೀಟು ಖಾಲಿ

ನಾನು ಯಾವ ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದರೂ ಏನಾದರೊಂದು ನಡೆದೇ ನಡೆಯುತ್ತದೆ. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ನನ್ನ ವರ್ಚಸ್ಸು ಅಂಥದು. ದೂರದಿಂದ ನನ್ನ ಟೊಪ್ಪಿಗೆ ಕಂಡರೆ ಸಾಕು, ಸಿಪಾಯಿ ‘ಸಾಹೇಬ್ರು ಊಟಕ್ಕ ಹೋಗ್ಯಾರ’ ಅಂದುಬಿಡುತ್ತಾನೆ. ನೆನೆದರೆ ನಗು ಬರುತ್ತದೆ, ಹಲ್ಲು ಕಡಿಯುತ್ತಲೇ ನಗುತ್ತೇನೆ.

೧

ಗಜೇಂದ್ರಗಡದ ನನ್ನ ತಂಗಿಯ ಮಗಳು ಡಿಗ್ರಿ ಮುಗಿಸಿ ಸೀರೆ ಅಂಗಡಿಯಲ್ಲಿ ದುಡಿಯುತ್ತಿದ್ದಳು. ಅಂಗಡಿ ಮುಚ್ಚಿತು. ರೋಣದಲ್ಲಿ ನಿರುದ್ಯೋಗಿಗಳಿಗೆ ಸರ್ಕಾರದ ಪುಕ್ಕಟೆ ಕಂಪ್ಯೂಟರ್ ತರಬೇತಿ ಇದೆಯೆಂದು ಇಬ್ಬರೂ ಹೊರಟೆವು. ಈ ಸಲ ತಪ್ಪಿದರೆ ಆಕೆಯ ವಯಸ್ಸು ಮೀರುತ್ತಿತ್ತು.

‘ಕೆಲಸ ಇಲ್ಲಂತ ಅಂಗಡಿ ಮಾಲಕರ ಸಹಿ, ಸಿಕ್ಕಾ ಬೇಕು’ ಎಂದ ಗುಮಾಸ್ತ.

‘ಅಂಗಡಿನ ಇಲ್ಲಲ್ರಿ.’

‘ಹಂಗಾದ್ರ ಅಂಗಡಿ ಇಲ್ಲಂತ ಅಂಗಡೀ ಸಿಕ್ಕಾ ಹಾಕಿಸ್ಕೊಂಡ ಬರ್ರಿ.’

ಮಾಲಕರನ್ನು ನರಗುಂದದಲ್ಲಿ ಹುಡುಕಿದೆವು. ಅವರು ಸಿಕ್ಕಾ ಒತ್ತಿಕೊಟ್ಟು, ‘ಕಾಕಾ, ನಾನೂ ಖಾಲೀನ ಅದೇನಿ. ನನ್ನ ಅರ್ಜಿನೂ ಒಯ್ರಿ’ ಅಂದರು.

೨

ಅರ್ಜಿಯಲ್ಲಿ ‘ಸದ್ಯದ ಉದ್ಯೋಗ’ ಎಂಬ ಸಾಲಿತ್ತು. ನನ್ನ ಬುದ್ಧಿ ಎಂಥದೆಂದು ಬೆಳವಣಕಿಯ ತನಕ ಎಲ್ಲರಿಗೂ ಗೊತ್ತು. ‘ದಿನಾ ನಿಮ್ಮ ಕಚೇರಿಗೆ ಅಡ್ಡಾಡೂದು’ ಎಂದು ಬರೆಸಿದೆ.

ಗುಮಾಸ್ತ ನಗಲಿಲ್ಲ. ‘ಉದ್ಯೋಗ ಐತಿ ಅಂತ ಇಕಿನ ಬರದಾಳಲ್ರಿ’ ಎಂದು ಅರ್ಜಿ ಮರಳಿ ತಳ್ಳಿದ.

ಬಸ್ಸಿನಲ್ಲಿ ಆಕೆ ನನ್ನ ಕಡೆ ನೋಡಲೇ ಇಲ್ಲ. ಇಳಿಯುವಾಗ ಮಾತ್ರ, ‘ಮಾಮಾ, ನಾಳೆ ಬರೂವಾಗ ನಿಮ್ಮ ಬುದ್ಧಿ ಮನ್ಯಾಗ ಇಟ್ಟ ಬರ್ರಿ’ ಅಂದಳು.

೩

ಮರುದಿನವೇ ಕೊನೆಯ ದಿನ. ಹೊಸ ಅರ್ಜಿ ಹಿಡಿದು ಹೋದರೆ ಬಾಗಿಲಲ್ಲಿ ಕರಿಹಲಗೆ: ‘ಸೀಟು ಖಾಲಿ’. ಖಾನಾವಳಿಯಲ್ಲಿ ‘ಊಟ ಖಾಲಿ’ ಎಂದಿದ್ದರೆ ತಿರುಗಿ ನಡೆಯುವ ಮಂದಿ ನಾವು. ಅಬ್ಬಿಗೇರಿಯ ಇಬ್ಬರು ಹುಡುಗಿಯರು ಅದನ್ನೋದಿ ಬಸ್ ಸ್ಟ್ಯಾಂಡಿನ ಕಡೆ ಹೊರಟಿದ್ದರು. ನನ್ನ ಸಿಟ್ಟು ನೆತ್ತಿಗೇರಿತು. ಒಳಗೆ ನುಗ್ಗಿ, ‘ಯಾರ್ಯಾರಿಗೆ ಹಂಚಿದ್ರಿ ಸೀಟ?’ ಅಂದೆ.

‘ಯಾರಿಗೂ ಇಲ್ರಿ’ ಅಂದ ಗುಮಾಸ್ತ. ‘ಖಾಲಿ ಅದಾವಂತ ನಿನ್ನೆ ಸಂಜೀಕನ ಬರದು ಹಾಕೇವಿ, ನಿಮ್ಮನ್ನ ಬಿಟ್ರ ಒಬ್ರೂ ಒಳಗ ಬರವಲ್ರು. ಈ ಕಡೆ ಮಂದಿಗೆ ದುಡಿಯೂ ಮನಸ್ಸಿಲ್ಲ ಅಂತ ಮ್ಯಾಲಿನವ್ರಿಗೆ ಬರದು ಕಳಸೂದೈತಿ.’

ತಂಗಿಯ ಮಗಳು ಅವನ ಮೇಜಿನ ಮೇಲಿನ ಸೀಮೆಸುಣ್ಣ ತೆಗೆದುಕೊಂಡು ಹೋಗಿ, ಹಲಗೆಯ ಮೇಲೆ ‘ಅದಾವ, ಒಳಗ ಬರ್ರಿ’ ಎಂದು ಸೇರಿಸಿದಳು. ನಾನು ಆ ಹುಡುಗಿಯರನ್ನು ಕೂಗಿದೆ. ನನ್ನ ದನಿಗೆ ಪುರ್ತಗೇರಿ ಬಸ್ಸೂ ನಿಂತಿತು. ಸಂಜೆಯೊಳಗೆ ಮೂವರ ಹೆಸರೂ ಪಟ್ಟಿ ಸೇರಿದವು.

‘ನಮ್ಮ ಬೋರ್ಡ ಕೆಡಿಸಿದ್ರಿ’ ಎಂದು ಗುಮಾಸ್ತ ಗೊಣಗಿದ.

‘ಅದರಾಗಿನ ಖಾಲಿ ಅನ್ನೂದಷ್ಟ ನಿಮ್ಮ ಕುರ್ಚಿ ಮ್ಯಾಲೆ ಬರಕೊಳ್ರಿ’ ಅಂದೆ. ‘ನೀವು ಎದ್ದ ಹೋದಾಗೂ ಖರೇ, ಕುಂತಾಗೂ ಖರೇ.’