ಸಿಲ್ಯಾ ಕುರ್ಚಿ ಬಿಟ್ಟ

ಸಿಲ್ವೆಸ್ಟರ್, ಎಲ್ಲರ ಬಾಯಲ್ಲಿ ಸಿಲ್ಯಾ, ಸಭಾಪತಿಯಾಗಲು ಒಪ್ಪಿದ್ದು ಬರೀ ಹೆದರಿಕೆಯಿಂದ. ಶಹಾಬಾದಿನ ಚರ್ಚಿನ ಹಾಲಿನಲ್ಲಿ ಅವತ್ತು ಕಥೊಲಿಕ ವಿದ್ಯಾರ್ಥಿ ಚಳವಳಿಯ ಸಭೆ ಇತ್ತು. ನಾನಾ ದೇಶಗಳ ವಿದ್ಯಾರ್ಥಿಗಳು ಕೂಡುವ ಮಹಾಸಭೆಗೆ ಈ ಭಾಗದಿಂದ ಒಬ್ಬರನ್ನು ಆರಿಸಬೇಕಿತ್ತು. ಹೋದವರು ಅಲ್ಲಿ ವೇದಿಕೆ ಹತ್ತಿ ಮಾತಾಡಬೇಕು. ಭಾನುವಾರದ ಪೂಜೆಯಲ್ಲಿ ನಾಲ್ಕು ಸಾಲು ಬೈಬಲ್ ಓದುವಾಗಲೇ ಸಿಲ್ಯಾನ ಮೊಣಕಾಲುಗಳು ಹೊಲಿಗೆ ಮಷೀನಿನ ಹಾಗೆ ಕುಣಿಯುತ್ತಿದ್ದವು. ಸಭೆ ನಡೆಸುವವನ ಹೆಸರನ್ನು ಈ ಆಯ್ಕೆಗೆ ಯಾರೂ ಸೂಚಿಸುವಂತಿಲ್ಲ ಎಂದು ಗೊತ್ತಾದದ್ದೇ ತಡ, ಓಡಿ ಹೋಗಿ ಸಭಾಪತಿಯ ಕುರ್ಚಿಯಲ್ಲಿ ಕೂತುಬಿಟ್ಟ. ಪುಣ್ಯಾತ್ಮನಿಗೆ ಬದುಕಿದೆ ಅನಿಸಿತು.

ಎರಡು ಹೆಸರು ಬಂದವು. ಒಂದು ವಾಡಿಯ ಮೋನಿಕಾಳದು, ಇನ್ನೊಂದು ಚಿತ್ತಾಪುರದ ಲಾಜರನದು. ಚೀಟಿ ಎಣಿಸಿದರೆ ಮತಗಳು ಸಮ ಸಮ.

"ಸಭಾಪತಿ, ನಿಮ್ಮ ಮತದ ಮ್ಯಾಲ ಅದ ಈಗ," ಅಂತ ಹಿಂದಿನಿಂದ ಯಾರೋ ಕೂಗಿದರು.

ಸಿಲ್ಯಾ ಚೀಟಿಗಳನ್ನು ಇನ್ನೊಮ್ಮೆ ಎಣಿಸಿದ, ಸಮವೇ. ಮೋನಿಕಾ ದಿನಾ ಅವನ ಜೊತೆಗೇ ಕಾಲೇಜಿಗೆ ರೈಲು ಹತ್ತುವವಳು. ಅವಳು ಬಾಯಿ ತೆಗೆದರೆ ಇಡೀ ಡಬ್ಬಿಯೇ ಗಪ್ ಚುಪ್. ಲಾಜರ್ ಕಬಡ್ಡಿ ಆಟಗಾರ. ಪ್ರೀತಿಯಿಂದ ಬೆನ್ನು ತಟ್ಟಿದರೂ ಎರಡು ದಿನ ಎಣ್ಣೆ ಹಚ್ಚಬೇಕು. ಇಬ್ಬರೂ ಅವನನ್ನೇ ನೋಡುತ್ತಿದ್ದರು.

ಸಿಲ್ಯಾ ಪಕ್ಕದಲ್ಲಿ ಕೂತಿದ್ದ ಚರ್ಚಿನ ಫಾದರ್ ಕಡೆ ವಾಲಿದ. "ಫಾದರ್, ನೀವೇ ಹೇಳಿಬಿಡ್ರಿ."

"ನನಗ ಮತ ಇಲ್ಲಪ್ಪಾ. ಇದು ಹುಡುಗರ ಚಳವಳಿ, ಹುಡುಗರೇ ನಡೆಸಬೇಕು. ನಾ ಬರೀ ಸಂಗಾಟ ಇರಾಂವ."

"ಹೋಗ್ಲಿ, ಬಿಷಪ್‌ರಿಗೆ ಕೇಳೋಣೇನ್ರಿ?"

"ಅವರಿಗೂ ಇಲ್ಲ," ಎಂದು ಫಾದರ್ ಚಹಾ ಕುಡಿದರು.

ಸಿಲ್ಯಾ ಚಳವಳಿಯ ರಾಷ್ಟ್ರೀಯ ಅಧ್ಯಕ್ಷೆಗೇ ಫೋನ್ ಮಾಡಿದ. ಆಕೆಯೂ ವಿದ್ಯಾರ್ಥಿನಿಯೇ, ಪರೀಕ್ಷೆಗೆ ಓದುತ್ತಿದ್ದಳು. "ನಿಮ್ಮ ಸಭೆ, ನಿಮ್ಮ ತೀರ್ಮಾನ. ಮೇಲಿನವರು ಕೈ ಹಾಕೋ ಹಾಗಿಲ್ಲ," ಎಂದು ಫೋನ್ ಇಟ್ಟುಬಿಟ್ಟಳು. ಎಂಥಾ ಚಳವಳಿಯಪ್ಪಾ ಇದು, ಹೆದರಿದವನಿಗೆ ಅಡಗಿಕೊಳ್ಳಲು ಒಬ್ಬ ದೊಡ್ಡವನೂ ಇಲ್ಲ!

"ಲಗೂನ ಹೇಳೋ, ರೈಲು ಹೋಗ್ತದ," ಎಂದಳು ಮೋನಿಕಾ.

"ನೋಡಿ ಹೇಳು ಮತ್ತ," ಎಂದು ಲಾಜರ್ ಬೆರಳು ಮುರಿದ. ಆ ಲಟಲಟ ಸದ್ದಿಗೆ ಸಿಲ್ಯಾ ಚಂಗನೆ ಎದ್ದ.

"ನನಗ ಈ ಕುರ್ಚಿನೇ ಬ್ಯಾಡ! ಬಿಟ್ಟೆ! ನೀವಿಬ್ಬರೂ ಹೊರಗ ಹೋಗಿ ಮಾತಾಡ್ಕೊಂಡು ಬರ್ರಿ. ನೀವು ಕೂಡಿ ಏನ್ ಹೇಳಿದ್ರೂ ಕಬೂಲ್!"

ಸಭೆಗೂ ಅದು ಸರಿ ಅನಿಸಿತು. ಅವರಿಬ್ಬರು ಬೇವಿನ ಗಿಡದ ಕೆಳಗೆ ಕೈ ಬೀಸಿ ಬೀಸಿ ವಾದಿಸುವುದು ಕಿಟಕಿಯಿಂದ ಕಾಣುತ್ತಿತ್ತು. ಹೊಡೆದಾಟವಾದರೆ ಹೊಣೆ ಯಾರದು ಎಂದು ಸಿಲ್ಯಾ ಬೆವತ. ಆದರೆ ಅವರು ನಗುತ್ತಾ ಬಂದರು. ಅದನ್ನು ನೋಡಿ ಅವನಿಗೆ ಇನ್ನೂ ಹೆದರಿಕೆಯಾಯಿತು.

"ನಾ ಹೋದ್ರ ಇಕಿ ಬಿಡಂಗಿಲ್ಲ, ಇಕಿ ಹೋದ್ರ ನಾ ಬಿಡಂಗಿಲ್ಲ," ಎಂದ ಲಾಜರ್. "ಸಿಲ್ಯಾ ಹೋದ್ರ ಯಾರಿಗೂ ಹೊಟ್ಟಿಕಿಚ್ಚಿಲ್ಲ. ಅವನೇ ಹೋಗ್ಲಿ."

"ಸಭಾಪತಿ ಹೆಸರು ತಗೊಳ್ಳಂಗಿಲ್ಲ!" ಸಿಲ್ಯಾ ಕಿರುಚಿದ.

"ನೀ ಎಲ್ಲಿ ಸಭಾಪತಿ? ಈಗಷ್ಟ ಕುರ್ಚಿ ಬಿಟ್ಟೆಲ್ಲಾ," ಎಂದಳು ಮೋನಿಕಾ.

ಹಾಲಿನ ತುಂಬಾ ಕೈಗಳು ಎದ್ದವು. ಸಿಲ್ಯಾನಿಗೆ ಅಳು ಬಂತು. "ನಾ ಒಲ್ಲೆ," ಎಂದು ಪಿಸುಗುಟ್ಟಿದ.

"ಒಲ್ಲೆ ಅನ್ನಾಕ ಅಡ್ಡಿ ಇಲ್ಲ. ಮೈಕ್ ಹಿಡಿದು ಎಲ್ಲಾರ ಮುಂದ ಕಾರಣ ಹೇಳು. ಸುಮ್ಮನಿದ್ರ ಒಪ್ಪಿದಂಗ, ನಮ್ಮ ನಿಯಮ ಅದು," ಎಂದು ಅವಳು ಮೈಕನ್ನು ಅವನ ಕೈಗೆ ಕೊಟ್ಟಳು.

ಸಿಲ್ಯಾ ಬಾಯಿ ತೆರೆದ. ಹಾಲಿನಲ್ಲಿದ್ದವರ ಕಣ್ಣೆಲ್ಲಾ ಅವನ ಮೇಲೆ. ಮೈಕಿನಲ್ಲಿ ಅವನ ಉಸಿರಷ್ಟೇ ಬುಸುಬುಸು ಕೇಳಿಸಿತು. ಎಲ್ಲರೂ ಕಾದರು, ಕಾದು ಚಪ್ಪಾಳೆ ಹೊಡೆದರು.

ಲಾಜರ್ ಅವನ ಬೆನ್ನ ಮೇಲೊಂದು ಬಿಟ್ಟ. "ಶಾಬಾಶ್! ಆದ್ರ ಅಲ್ಲಿ ಹೋಗಿ ಹಿಂಗ ಸುಮ್ಮ ನಿಂದರಬ್ಯಾಡಪಾ, ಎಲ್ಲಾದಕ್ಕೂ ಒಪ್ಪಿದಂಗ ಆಗ್ತದ."