ಬಳೆಯಲ್ಲಿ ತೂರದ ಗುಂಡು

ನನ್ನ ತಂಗಿಯ ಗಂಡನ ಗುಂಡು ಕೂದಲೆಳೆಯಷ್ಟು ಹೆಚ್ಚು ದಪ್ಪವಾಯಿತೆಂದು ಬಹರೈನಿನ ಯಾವ ಮೀನೂ ಇದುವರೆಗೆ ದೂರು ಕೊಟ್ಟಿಲ್ಲ. ಆದರೂ ಆ ಮಹಾಶಯರು ಗಾಳದ ದಾರಕ್ಕೆ ಪೋಣಿಸುವ ಸೀಸದ ಗುಂಡುಗಳನ್ನು ಅಂಗಡಿಯಲ್ಲಿ ಕೊಳ್ಳುವವರಲ್ಲ. ಸಿತ್ರಾದ ಕಾರ್ಖಾನೆಯಿಂದ ಬಂದು ಕಂಪನಿ ಬಸ್ಸಿಳಿದವರೇ ಗುಫೂಲಿನ ತಮ್ಮ ಕಟ್ಟಡದ ತಾರಸಿ ಹತ್ತುತ್ತಾರೆ, ಸೀಸ ಕರಗಿಸುತ್ತಾರೆ, ಅಚ್ಚಿಗೆ ಹೊಯ್ಯುತ್ತಾರೆ. ಬಳಿಕ ಒಂದೊಂದನ್ನೂ ಒಂದು ಕಬ್ಬಿಣದ ಬಳೆಯೊಳಗೆ ಒತ್ತಿ ತೂರಿಸುತ್ತಾರೆ. ಬಳೆ ಅವರ ತಂದೆಯದು. ಊರಿನಲ್ಲಿ ಪರವಾನಗಿಯ ಕೋವಿಗೆ ಗುಂಡು ಎರೆಯುತ್ತಿದ್ದ ಆ ಹಿರಿಯರು ಅಳತೆ ನೋಡುತ್ತಿದ್ದದ್ದು ಅದರಲ್ಲೇ. ಕೋವಿ ಹೋಯಿತು, ತಂದೆ ಹೋದರು, ಅಳತೆ ಮಾತ್ರ ಸಮುದ್ರ ದಾಟಿ ಬಂದಿದೆ.

ತೂರಿದ ಗುಂಡಿಗೆ ಜೇನುಮೇಣ, ತೆಂಗಿನೆಣ್ಣೆ ಬೆರೆಸಿದ ಲೇಪ. ದಾರ ಸವೆಯದೆ ಜಾರಲೆಂದು. ಲೇಪ ದಪ್ಪವಾಯಿತೋ ಏನೋ ಎಂದು ಮತ್ತೊಮ್ಮೆ ಬಳೆಯ ಪರೀಕ್ಷೆ! ಬೇಸಗೆಯ ಲೇಪದಲ್ಲಿ ಮೇಣ ಹೆಚ್ಚು, ಚಳಿಗಾಲದ್ದರಲ್ಲಿ ಎಣ್ಣೆ ಹೆಚ್ಚು. ಆದ್ದರಿಂದ ಫ್ರಿಜ್ಜಿನಲ್ಲಿ ಎರಡು ಡಬ್ಬ, ತುಪ್ಪದ ಪಕ್ಕದಲ್ಲೇ. ನಾನು ಅತಿಥಿಯಾಗಿ ಬಂದ ಮೂರನೆಯ ಬೆಳಿಗ್ಗೆ ದೋಸೆಗೆ ಯಾವುದನ್ನು ಸವರಿಕೊಂಡೆನೆಂದು ಬಿಡಿಸಿ ಹೇಳಬೇಕೇ? ನಾಲಗೆ ಅಂಗುಳಕ್ಕೆ ಅಂಟಿ ಕುಳಿತ ನನ್ನನ್ನು ನೋಡಿ ಅವರು ಕೇಳಿದ್ದು ಒಂದೇ.

“ಯಾವ ಡಬ್ಬ ಭಾವ? ಬೇಸಗೆದಾ, ಚಳಿಗಾಲದ್ದಾ?”

ಎಣ್ಣೆ ಹೆಚ್ಚಿದ್ದ ಡಬ್ಬವನ್ನು ಬೆರಳಲ್ಲಿ ತೋರಿಸಿದೆ.

“ಹಾಗಾದ್ರೆ ತೊಂದ್ರೆ ಇಲ್ಲ. ಬೇಗ ಜಾರ್ತದೆ.”

ಇದನ್ನು ಮರೆಯಬಹುದಿತ್ತು. (ಮರೆತಿಲ್ಲ.) ಆದರೆ ಅರಾದಿನ ಕಡಲ ದಂಡೆಯಲ್ಲಿ ಅವರು, ಅವರಿಂದಲೇ ಕಲಿತು ನಾನು ಎರೆದ ಮೊದಲ ಗುಂಡನ್ನು ನಾಲ್ವರು ಗೆಳೆಯರ ಎದುರು ಬಳೆಗೆ ಹಿಡಿದು, “ಇದು ನಮ್ಮ ಭಾವನ ಹಾಗೆಯೇ ಮಾರಾಯ್ರೇ, ಒಳಗೆ ಹೋಗ್ಲಿಕ್ಕೂ ಒಪ್ಪುದಿಲ್ಲ, ಹೊರಗೆ ಬರ್ಲಿಕ್ಕೂ ಒಪ್ಪುದಿಲ್ಲ” ಎಂದರು. ನಾಲ್ವರೂ ನಕ್ಕರು. ಒಬ್ಬರು ಎರಡು ಸಲ ನಕ್ಕರು. ಅವರ ಅಂಗಿಯ ಬಣ್ಣವೂ ನನಗೆ ನೆನಪಿದೆ.

ಮರುದಿನ ಮಧ್ಯಾಹ್ನ ಕಟ್ಟಡದ ಕಾವಲುಗಾರ ಮೆಟ್ಟಿಲಲ್ಲಿ ನನ್ನನ್ನು ತಡೆದು, ನಿಮ್ಮವರು ತಾರಸಿಯಲ್ಲಿ ದಿನವೂ ಏನು ಕರಗಿಸುತ್ತಾರೆಂದು ಹಿಂದಿಯಲ್ಲಿ ಕೇಳಿದ. ಮೂವತ್ತು ವರ್ಷ ಶಾಲೆಯಲ್ಲಿ ಹಿಂದಿ ಕಲಿಸಿದವನು ನಾನು. ಕನ್ನಡದಲ್ಲಿ ಗಾಳದ್ದೂ ಗುಂಡೇ, ಕೋವಿಯದ್ದೂ ಗುಂಡೇ. ಹಿಂದಿಯಲ್ಲಿ ಹಾಗಲ್ಲ. ಮೀನು ಹಿಡಿಯುವ ಭಾರ ಎನ್ನಲು ನನಗೆ ಮೂರು ಬಗೆ ಗೊತ್ತಿತ್ತು.

“ಗೋಲಿ” ಎಂದೆ.

ಅವನು ಬಂದೂಕು ಹಿಡಿದವನಂತೆ ಬೆರಳು ಮಡಚಿ, ಇದರದ್ದೇ ಎಂಬಂತೆ ನೋಡಿದ. ನಾನು ತಿದ್ದಲಿಲ್ಲ. ವಿದ್ಯಾರ್ಥಿಗಳ ಹ್ರಸ್ವ ದೀರ್ಘಗಳನ್ನೂ ಬಿಡದೆ ತಿದ್ದಿದವನು, ಸುಮ್ಮನೆ ಮೆಟ್ಟಿಲು ಹತ್ತಿ ಹೋದೆ.

ಸಂಜೆ ಕಟ್ಟಡದ ಮಾಲೀಕರು ಕಾವಲುಗಾರನನ್ನು ಕರೆದುಕೊಂಡು ಬಾಗಿಲಿಗೆ ಬಂದರು. ಗೋಲಿ ಎರೆಯುವವರು ಮನೆ ಬಿಡಬೇಕು, ಪೊಲೀಸರಿಗೂ ತಿಳಿಸುತ್ತೇನೆ ಎಂದರು. ತಂಗಿಯ ಗಂಡನ ಕೆಲಸ, ವೀಸಾ, ಹದಿನೆಂಟು ವರ್ಷಗಳ ಸಂಸಾರ ಎಲ್ಲವೂ ಆ ಹೊಸ್ತಿಲಲ್ಲಿ ನಿಂತಿತ್ತು. ತಂಗಿ ಬಾಗಿಲವಾಡ ಹಿಡಿದುಕೊಂಡಳು. ನಾನು ಅವಳ ಬೆನ್ನ ಹಿಂದೆ ಸರಿದೆ.

ಇವರು ಒಳಗೆ ಹೋಗಿ ಗಾಳ ತಂದರು. ಗುಂಡಿನ ರಂಧ್ರದಲ್ಲಿ ದಾರ ಪೋಣಿಸಿ, ಒಂದು ತುದಿಯನ್ನು ಮಾಲೀಕರ ಕೈಗೇ ಕೊಟ್ಟರು. ಗುಂಡು ನೀರಿನಂತೆ ಜಾರಿ ಅವರ ಬೆರಳಿಗೆ ತಾಗಿತು. ಮಾಲೀಕರೂ ಗಾಳ ಹಾಕುವವರೇ ಇರಬೇಕು. ಇನ್ನೆರಡು ಸಲ ಜಾರಿಸಿ ನೋಡಿದರು. ಮುಖ ಸಡಿಲವಾಯಿತು. ತಾರಸಿಯಲ್ಲಿ ಇನ್ನು ಸೀಸ ಕರಗಿಸಕೂಡದು ಎಂದಷ್ಟೇ ಹೇಳಿ, ಗೋಲಿ ಎಂದವರು ಯಾರೆಂದು ಕೇಳಿದರು. ಕಾವಲುಗಾರ ನನ್ನತ್ತ ನೋಡಿದ.

“ಇವರು ನನ್ನ ಹೆಂಡತಿಯ ಅಣ್ಣ,” ಎಂದರು ಇವರು ಹಿಂದಿಯಲ್ಲಿ. “ಪಾಪ, ಇವರಿಗೆ ಹಿಂದಿ ಸರಿಯಾಗಿ ಬರುವುದಿಲ್ಲ.”

ಮಾಲೀಕರು ಕನಿಕರದಿಂದ ನನ್ನ ಭುಜ ತಟ್ಟಿ ಹೋದರು. ಹಿಂದಿ ಮೇಷ್ಟ್ರ ಭುಜ!

ಈ ಅವಮಾನವನ್ನೂ ಪಟ್ಟಿಗೆ ಸೇರಿಸಲು ನಾನು ಸಿದ್ಧನಾಗುತ್ತಿದ್ದೆ. ಇವರು ಉಳಿದಿದ್ದ ಹತ್ತು ಗುಂಡುಗಳನ್ನು ಪತ್ರಿಕೆಯ ಮೇಲೆ ಹರಡಿ ನೆಲಕ್ಕೆ ಕುಳಿತು, ನನ್ನ ಮುಖ ನೋಡದೆ ಹೇಳಿದರು.

“ಮೂವತ್ತು ವರ್ಷ ಕಲಿಸಿದವರಿಗೆ ಒಂದು ಶಬ್ದ ಸಿಗದೆ ಇರುದಿಲ್ಲ ಭಾವ. ಅರಾದಲ್ಲಿ ಎಲ್ಲರ ಎದುರು ನಾನು ಹಾಗೆ ಹೇಳ್ಬಾರದಿತ್ತು.”

ಕ್ಷಮೆ ಕೇಳಬೇಕಾದವನು ನಾನು. ಫ್ರಿಜ್ಜಿನಿಂದ ಲೇಪದ ಡಬ್ಬ ತಂದು ಅವರೆದುರು ಇಟ್ಟೆ.

“ಹಚ್ಚಿ,” ಎಂದು ಒಂದು ಗುಂಡನ್ನು ನನ್ನ ಅಂಗೈಗಿಟ್ಟರು. “ತೆಳುವಾಗಿ.”

ಹಚ್ಚಿದೆ. ಲೇಪ ದಪ್ಪವಾಯಿತು, ನನ್ನ ಕಣ್ಣಿಗೇ ಕಾಣುವಷ್ಟು. ಬಳೆ ಅವರ ಮೊಣಕಾಲ ಪಕ್ಕದಲ್ಲೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ. ಗುಂಡನ್ನು ನನ್ನ ಕೈಯಿಂದ ತೆಗೆದುಕೊಂಡು, ಉಳಿದವುಗಳ ಜೊತೆ ಹಾಗೆಯೇ ಗುಂಡಿನ ಡಬ್ಬಕ್ಕೆ ಹಾಕಿದರು.